ವಕೀಲ ಗಾಂಧಿ ಮತ್ತು ಅವರ ಕಕ್ಷಿದಾರರು

ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಮುಂದೆ ಇಲ್ಲಿಯೇ ಸಮಾಜ ವಿಜ್ಞಾನದ ಶಿಕ್ಷಕನಾಗಿ ಕೆಲಸ ಮಾಡಿ ನಿವೃತ್ತನಾದವನು. ಪ್ರತಿ ವರ್ಷ ಅಕ್ಟೋಬರ್ 2 ರಂದು ಗಾಂಧೀಜಿಯ ಪಟಕ್ಕೆ ಹಾರ ಹಾಕಿ, ಅಂಗಳ ಗುಡಿಸಿ, ಒಂದೆರಡು ಭಾಷಣ ಕೇಳಿ ಮನೆಗೆ ಹೋಗುವುದು ನಮ್ಮೆಲ್ಲರ ರೂಢಿ. ಅವರು 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದರು, 1927ರಲ್ಲಿ ಆರೋಗ್ಯ ಕೆಟ್ಟಾಗ ನಂದಿಬೆಟ್ಟದಲ್ಲಿ ತಂಗಿದ್ದರು ಎಂದು ನಾನೂ ಎಷ್ಟೋ ತಂಡಗಳ ಮಕ್ಕಳಿಗೆ ಪಾಠ ಹೇಳಿದ್ದೇನೆ. ಆದರೆ ಪಟದಲ್ಲಿರುವ ಈ ವ್ಯಕ್ತಿ ಒಂದು ಕಾಲದಲ್ಲಿ ಕೋಟು ತೊಟ್ಟು, ಕಚೇರಿ ತೆರೆದು, ಕಕ್ಷಿದಾರರ ಕಾಗದಪತ್ರ ಓದಿ, ಫೀಸು ತೆಗೆದುಕೊಂಡು ವಕೀಲಿ ನಡೆಸಿದವರು ಎಂಬುದನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಿದ್ದೆ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಲೇಖನ ಕೊಡಿ ಎಂದು ಸಮಿತಿಯವರು ಕೇಳಿದಾಗ, ಬಿಟ್ಟುಹೋದ ಆ ಪಾಠವನ್ನೇ ಬರೆಯೋಣ ಎನಿಸಿತು.

ಅದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ತಾಲ್ಲೂಕು ಕೋರ್ಟಿನ ಮೆಟ್ಟಿಲು ಹತ್ತದ ಮನೆ ಕಡಿಮೆ. ನಮ್ಮ ಮನೆಯಲ್ಲೂ ತಂದೆಗೂ ದೊಡ್ಡಪ್ಪನಿಗೂ ಒಂದು ಬದುವಿನ ವ್ಯಾಜ್ಯವಿತ್ತು. ನಾನು ಈ ಶಾಲೆಗೆ ಸೇರುವ ಮೊದಲೇ ಆರಂಭವಾಗಿ, ಹತ್ತನೆಯ ತರಗತಿ ಮುಗಿಸುವಾಗಲೂ ನಡೆಯುತ್ತಲೇ ಇತ್ತು. ವಾಯಿದೆಯ ದಿನ ಬಂತೆಂದರೆ ಒಂದು ದಿನದ ಕೆಲಸ ಕೆಡುತ್ತಿತ್ತು, ಬಸ್ಸಿನ ಖರ್ಚು, ಹೋಟೆಲಿನ ಖರ್ಚು, ವಕೀಲರ ಫೀಸು. ಒಳ್ಳೆಯ ವಕೀಲ ಸಿಗುವುದು ಎಂದರೆ ಏನು ಎಂಬುದು ನಮಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ, ಊಟದ ಪ್ರಶ್ನೆಯಾಗಿತ್ತು.

ಮೋಹನದಾಸ ಕರಮಚಂದ ಗಾಂಧಿಯವರು 1869ರ ಅಕ್ಟೋಬರ್ 2 ರಂದು ಕಾಠಿಯಾವಾಡದ ಪೋರಬಂದರಿನಲ್ಲಿ ಹುಟ್ಟಿದರು. 1888ರಲ್ಲಿ ಬ್ಯಾರಿಸ್ಟರ್ ಓದಲು ಲಂಡನ್ನಿಗೆ ಹೋದರು. 1891ರ ಜೂನ್ ತಿಂಗಳಲ್ಲಿ ಪದವಿ ಕೈಗೆ ಬಂದ ಕೂಡಲೇ ಊರಿನ ಹಡಗು ಹತ್ತಿದರು. ಪದವಿ ಇತ್ತೇ ವಿನಾ ವಕೀಲಿ ಮಾಡುವ ಧೈರ್ಯ ಇರಲಿಲ್ಲ. ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ಅವರಿಗೆ ಸಿಕ್ಕ ಮೊದಲ ಮೊಕದ್ದಮೆ ಮಮೀಬಾಯಿ ಎಂಬಾಕೆಯದು, ಫೀಸು 30 ರೂಪಾಯಿ. ಪಾಟೀಸವಾಲಿಗೆ ಎದ್ದು ನಿಂತಾಗ ತಲೆ ಸುತ್ತಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕುಳಿತುಬಿಟ್ಟರು. ಕೇಸನ್ನು ಬೇರೆ ವಕೀಲರಿಗೆ ವಹಿಸುವಂತೆ ಹೇಳಿ, ಪಡೆದ ಫೀಸನ್ನು ಹಿಂದಿರುಗಿಸಿ, ನಾಚಿಕೆಯಿಂದ ಹೊರನಡೆದರು. ಕೇಸು ತಂದುಕೊಡುವ ದಳ್ಳಾಳಿಗೆ ಕಮಿಷನ್ ಕೊಡಲು ಒಪ್ಪದಿದ್ದುದರಿಂದ ಹೊಸ ಕೇಸುಗಳೂ ಬರಲಿಲ್ಲ. ಕೊನೆಗೆ ರಾಜಕೋಟೆಗೆ ಹೋಗಿ ಜನರಿಗೆ ಅರ್ಜಿ, ಮನವಿ ಬರೆದುಕೊಟ್ಟು ಸಂಪಾದಿಸತೊಡಗಿದರು. ಅವರ ಮೊದಲ ಕಕ್ಷಿದಾರಳ ಅನುಭವ ಇಷ್ಟೇ: ವಕೀಲರಿಗೆ ಮಾತು ಬರಲಿಲ್ಲ, ಆದರೆ ಆಕೆಯ ಹಣ ಪೂರ್ತಿ ವಾಪಸು ಬಂತು. ಪರೀಕ್ಷೆಯಲ್ಲಿ ಒಮ್ಮೆ ಸೋತು ಶಾಲೆ ಬಿಡಲು ಹೊರಟ ಮಕ್ಕಳಿಗೆ ನಾನು ಹೇಳಬೇಕಾಗಿದ್ದ ಕಥೆ ಇದು.

ಆ ಹೊತ್ತಿಗೆ ದಕ್ಷಿಣ ಆಫ್ರಿಕಾದಲ್ಲಿ ವ್ಯಾಪಾರ ಮಾಡುತ್ತಿದ್ದ ಪೋರಬಂದರಿನ ದಾದಾ ಅಬ್ದುಲ್ಲಾ ಕಂಪನಿಯಿಂದ ಕರೆ ಬಂತು. ಒಂದು ವರ್ಷದ ಕೆಲಸ, ಹೋಗಿಬರುವ ಮೊದಲ ದರ್ಜೆಯ ಖರ್ಚು, ಊಟ ವಸತಿಯ ಜೊತೆಗೆ 105 ಪೌಂಡು. 1893ರಲ್ಲಿ ಅವರು ಡರ್ಬನ್ನಿಗೆ ಬಂದಿಳಿದರು. ಕೇಸು ನಡೆಯುತ್ತಿದ್ದ ಪ್ರಿಟೋರಿಯಾಕ್ಕೆ ಹೋಗುವಾಗಲೇ ಪೀಟರ್‌ಮಾರಿಟ್ಸ್‌ಬರ್ಗ್ ನಿಲ್ದಾಣದಲ್ಲಿ, ಮೊದಲ ದರ್ಜೆಯ ಟಿಕೆಟ್ ಇದ್ದರೂ, ಕರಿಯನೆಂದು ಅವರನ್ನು ರೈಲಿನಿಂದ ಹೊರದಬ್ಬಿದ್ದು. ಆ ಘಟನೆ ಎಲ್ಲರಿಗೂ ಗೊತ್ತು. ಅವರು ಯಾವ ಕೇಸಿಗಾಗಿ ಆ ರೈಲು ಹತ್ತಿದ್ದರು, ಆ ಕೇಸು ಏನಾಯಿತು ಎಂಬುದು ಅಷ್ಟಾಗಿ ಗೊತ್ತಿಲ್ಲ.

ದಾದಾ ಅಬ್ದುಲ್ಲಾ ಶೇಠರು ಪ್ರಿಟೋರಿಯಾದ ವ್ಯಾಪಾರಿ ತಯ್ಯಬ್ ಶೇಠರ ಮೇಲೆ 40,000 ಪೌಂಡಿನ ದಾವೆ ಹೂಡಿದ್ದರು. ಇಬ್ಬರೂ ಸಂಬಂಧಿಕರು, ಒಂದೇ ಊರಿನವರು. ಕೇಸು ನಿಂತಿದ್ದುದು ಲೆಕ್ಕದ ಪುಸ್ತಕಗಳ ಮೇಲೆ. ಬ್ಯಾರಿಸ್ಟರಿಗೆ ಜಮಾ ಖರ್ಚಿನ ಗಂಧವೇ ಇರಲಿಲ್ಲ. ಪ್ರಾಮಿಸರಿ ನೋಟು ಎಂದರೆ ಏನೆಂದೂ ಮೊದಲಿಗೆ ತಿಳಿದಿರಲಿಲ್ಲ. ಅವರು ಲೆಕ್ಕಪತ್ರದ ಪುಸ್ತಕವೊಂದನ್ನು ಕೊಂಡು ಓದಿದರು, ಶೇಠರ ಖಾತೆಗಳನ್ನು ಸಾಲು ಸಾಲಾಗಿ ನೋಡಿದರು, ಗುಜರಾತಿ ಕಾಗದಗಳನ್ನು ಅನುವಾದಿಸಿದರು. ಕೇಸಿನ ಸಂಗತಿಗಳನ್ನು ಅರಿತರೆ ಕಾನೂನು ತಾನಾಗಿ ಜೊತೆಗೆ ಬರುತ್ತದೆ ಎಂಬ ಪಾಠ ಅವರಿಗೆ ಅಲ್ಲಿ ಸಿಕ್ಕಿತು. ತನ್ನ ಕಕ್ಷಿದಾರನ ಪಕ್ಷ ಗಟ್ಟಿಯಾಗಿದೆ ಎಂದೂ ಅವರಿಗೆ ಖಚಿತವಾಯಿತು.

ಹಾಗಿದ್ದೂ ಅವರು ಇನ್ನೊಂದನ್ನು ಕಂಡರು. ಕೇಸು ಹೀಗೇ ಎಳೆದರೆ ಗೆದ್ದವರೂ ಸೋತವರೂ ಇಬ್ಬರೂ ಹಾಳಾಗುವರು. ವಕೀಲರ ಫೀಸು ಏರುತ್ತಲೇ ಇತ್ತು, ಇಬ್ಬರು ವ್ಯಾಪಾರಿಗಳಿಗೂ ಬೇರೆ ಕೆಲಸಕ್ಕೆ ಬಿಡುವೇ ಇರಲಿಲ್ಲ, ಮನಸ್ಸುಗಳು ದಿನದಿನಕ್ಕೆ ಕಹಿಯಾಗುತ್ತಿದ್ದವು. ಗಾಂಧಿಯವರು ಎದುರು ಪಕ್ಷದ ತಯ್ಯಬ್ ಶೇಠರಲ್ಲಿಗೂ ಹೋಗಿ, ಇಬ್ಬರೂ ನಂಬುವ ಒಬ್ಬ ಮಧ್ಯಸ್ಥರಿಗೆ ವ್ಯಾಜ್ಯವನ್ನು ಒಪ್ಪಿಸುವಂತೆ ಕೇಳಿಕೊಂಡರು. ಕಡೆಗೆ ಇಬ್ಬರೂ ಒಪ್ಪಿದರು. ಮಧ್ಯಸ್ಥರ ತೀರ್ಪು ದಾದಾ ಅಬ್ದುಲ್ಲಾ ಅವರ ಕಡೆಗೆ ಬಂತು.

ಅನೇಕ ವಕೀಲರಿಗೆ ಕೇಸು ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತಯ್ಯಬ್ ಶೇಠರು ಸುಮಾರು 37,000 ಪೌಂಡು ಮತ್ತು ಖರ್ಚನ್ನು ಒಂದೇ ಸಲಕ್ಕೆ ಕೊಟ್ಟರೆ ದಿವಾಳಿಯಾಗುತ್ತಿದ್ದರು. ಪೋರಬಂದರಿನ ಮೇಮನ್ ವ್ಯಾಪಾರಿಗಳಲ್ಲಿ ದಿವಾಳಿ ಎಂದರೆ ಸಾವಿಗಿಂತ ಕಡೆ. ಆಗ ಗಾಂಧಿಯವರು ಗೆದ್ದ ತಮ್ಮ ಕಕ್ಷಿದಾರರ ಮುಂದೆಯೇ ಕೂತು, ಹಣವನ್ನು ದೀರ್ಘಕಾಲದ ಕಂತುಗಳಲ್ಲಿ ಪಡೆಯುವಂತೆ ಒಲಿಸಿದರು. ಎದುರಾಳಿಗಳನ್ನು ಮಧ್ಯಸ್ಥಿಕೆಗೆ ಒಪ್ಪಿಸುವುದಕ್ಕಿಂತ ಇದೇ ಹೆಚ್ಚು ಕಷ್ಟವಾಯಿತು. ದಾದಾ ಅಬ್ದುಲ್ಲಾ ಒಪ್ಪಿದರು. ಇಬ್ಬರ ಮರ್ಯಾದೆಯೂ ಊರಿನಲ್ಲಿ ಹೆಚ್ಚಿತು. ಒಡೆದ ಮನಸ್ಸುಗಳನ್ನು ಕೂಡಿಸುವುದೇ ವಕೀಲನ ನಿಜವಾದ ಕೆಲಸ ಎಂದು ಗಾಂಧಿಯವರು ನಂಬಿದ್ದು ಆ ದಿನದಿಂದ. ಮುಂದಿನ ವರ್ಷಗಳಲ್ಲಿ ಅವರ ಹೆಚ್ಚಿನ ಸಮಯ ಹೋದದ್ದು ನೂರಾರು ಕೇಸುಗಳನ್ನು ಹೊರಗೇ ರಾಜಿ ಮಾಡಿಸುವುದರಲ್ಲಿ. ಅದರಿಂದ ತಮಗೆ ಹಣದ ನಷ್ಟವೂ ಆಗಲಿಲ್ಲ ಎಂದು ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

1894ರಲ್ಲಿ ಊರಿಗೆ ಹೊರಟಿದ್ದವರನ್ನು ನೇಟಾಲಿನ ಭಾರತೀಯರು ತಡೆದರು. ಭಾರತೀಯರ ಮತದಾನದ ಹಕ್ಕನ್ನು ಕಿತ್ತುಕೊಳ್ಳುವ ಮಸೂದೆ ಬಂದಿತ್ತು. ಸಾರ್ವಜನಿಕ ಕೆಲಸಕ್ಕೆ ಸಂಬಳ ಬೇಡ ಎಂದು ಅವರು ಹೇಳಿದ್ದರಿಂದ, ಸುಮಾರು 20 ಮಂದಿ ವ್ಯಾಪಾರಿಗಳು ಒಂದು ವರ್ಷದ ಮಟ್ಟಿಗೆ ಅವರನ್ನು ತಮ್ಮ ವಕೀಲರನ್ನಾಗಿ ಗೊತ್ತುಮಾಡಿಕೊಂಡು ಮುಂಗಡ ಕೊಟ್ಟರು. ನೇಟಾಲಿನ ವಕೀಲರ ಸಂಘ ವಿರೋಧಿಸಿದರೂ ಸುಪ್ರೀಂ ಕೋರ್ಟು ಅವರ ಹೆಸರನ್ನು ದಾಖಲಿಸಿಕೊಂಡಿತು.

ಹೀಗೆ ಕಚೇರಿ ತೆರೆದು ಮೂರ್ನಾಲ್ಕು ತಿಂಗಳಾಗಿರಬಹುದು. ಒಂದು ದಿನ ಬಾಲಸುಂದರಂ ಎಂಬ ತಮಿಳು ಕೂಲಿಯವನು ಒಳಗೆ ಬಂದ. ಬಟ್ಟೆ ಹರಿದಿತ್ತು, ಮುಂದಿನ ಎರಡು ಹಲ್ಲು ಮುರಿದಿದ್ದವು, ಬಾಯಿಂದ ರಕ್ತ ಸೋರುತ್ತಿತ್ತು. ಮೈ ನಡುಗುತ್ತಿತ್ತು, ಅಳುತ್ತಿದ್ದ. ಧಣಿಯಾದ ಬಿಳಿಯನು ಹೊಡೆದಿದ್ದ. ಅವನು ಗಿರಮಿಟಿನ ಆಳು, ಅಂದರೆ ಐದು ವರ್ಷದ ಕರಾರಿಗೆ ಹೆಬ್ಬೆಟ್ಟು ಒತ್ತಿ ಹಡಗು ಹತ್ತಿ ಬಂದವನು. ಸಾಮಾನ್ಯ ಆಳು ಕೆಲಸ ಬಿಟ್ಟರೆ ಧಣಿ ಸಿವಿಲ್ ದಾವೆ ಹಾಕಬಹುದಿತ್ತು, ಅಷ್ಟೆ. ಗಿರಮಿಟಿನ ಆಳು ಬಿಟ್ಟರೆ ಅದು ಅಪರಾಧ, ಅವನಿಗೆ ಜೈಲು.

ಬಾಲಸುಂದರಂ ತನ್ನ ರುಮಾಲನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದಿದ್ದ. ಬಿಳಿಯರ ಎದುರು ಹಾಗೆ ನಿಲ್ಲಬೇಕೆಂಬುದು ಅಲ್ಲಿಯ ಪದ್ಧತಿ. ತನ್ನವರೇ ಆದ ವಕೀಲರ ಮುಂದೆಯೂ ಹಾಗೆಯೇ ನಿಂತಿದ್ದ. ಗಾಂಧಿಯವರು ಮೊದಲು ಮಾಡಿದ ಕೆಲಸ ರುಮಾಲು ಸುತ್ತಿಕೊಳ್ಳುವಂತೆ ಹೇಳಿದ್ದು. ಅವನು ಹಿಂಜರಿಯುತ್ತಲೇ ಸುತ್ತಿಕೊಂಡ, ಮುಖದಲ್ಲಿ ಸಂತೋಷ ಕಾಣಿಸಿತು. ತಮಿಳು ಬಲ್ಲ ಗುಮಾಸ್ತರ ಮೂಲಕ ಅವನ ಕಥೆ ಕೇಳಿದರು. ವೈದ್ಯರ ಬಳಿ ಕಳಿಸಿ ಗಾಯದ ಸರ್ಟಿಫಿಕೇಟು ಪಡೆದರು, ಅಂದೇ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ಟು ಸಲ್ಲಿಸಿದರು. ಮ್ಯಾಜಿಸ್ಟ್ರೇಟರು ಸಿಟ್ಟಾಗಿ ಧಣಿಗೆ ಸಮನ್ಸು ಹೊರಡಿಸಿದರು.

ಇಲ್ಲಿ ವಕೀಲರ ವಿವೇಕ ನೋಡಬೇಕು. ಧಣಿಗೆ ದಂಡ ಹಾಕಿಸಿ ಹೆಸರು ಗಳಿಸಬಹುದಿತ್ತು. ಆದರೆ ದಂಡ ಕಟ್ಟಿದ ಧಣಿಯ ಕೈಕೆಳಗೇ ಬಾಲಸುಂದರಂ ಮರುದಿನವೂ ದುಡಿಯಬೇಕಾಗಿತ್ತು. ಅವನಿಗೆ ಬೇಕಾಗಿದ್ದುದು ಬಿಡುಗಡೆ. ಗಾಂಧಿಯವರು ಧಣಿಯನ್ನೇ ಕಂಡು ಮಾತನಾಡಿ, ಕರಾರನ್ನು ಬೇರೆಯವರಿಗೆ ವರ್ಗಾಯಿಸಲು ಒಪ್ಪಿಸಿದರು. ಕೂಲಿಗಳ ರಕ್ಷಣೆಗೆಂದು ಸರ್ಕಾರ ನೇಮಿಸಿದ್ದ ಅಧಿಕಾರಿಯನ್ನು ಕಂಡರು. ಭಾರತೀಯರು ಗಿರಮಿಟಿನ ಆಳನ್ನು ಇಟ್ಟುಕೊಳ್ಳುವಂತಿರಲಿಲ್ಲವಾದ್ದರಿಂದ, ತಮಗೆ ಪರಿಚಯವಿದ್ದ ಒಬ್ಬ ಬಿಳಿಯರನ್ನು ತಾವೇ ಹುಡುಕಿ ಕೇಳಿಕೊಂಡರು. ಧಣಿ ತಪ್ಪಿತಸ್ಥನೆಂದೂ ತೀರ್ಮಾನವಾಯಿತು, ಬಾಲಸುಂದರಂ ಹೊಸ ಕಡೆಗೂ ಹೋದ. ಅಲ್ಲಿಂದ ಮುಂದೆ ಗಿರಮಿಟಿನ ಜನ ಆ ಕಚೇರಿಗೆ ಬರತೊಡಗಿದರು. ತಮ್ಮ ಕಷ್ಟ ಕೇಳುವ ಒಬ್ಬ ವಕೀಲರು ಇದ್ದಾರೆ ಎಂಬ ಸುದ್ದಿ ದೂರದ ಮದರಾಸಿನವರೆಗೆ ಮುಟ್ಟಿತು.

1901ರಲ್ಲಿ ಗಾಂಧಿಯವರು ಭಾರತಕ್ಕೆ ಮರಳಿದರು, ಮುಂದಿನ ವರ್ಷವೇ ಮತ್ತೆ ಕರೆ ಬಂದು ದಕ್ಷಿಣ ಆಫ್ರಿಕಾಕ್ಕೆ ಹೋದರು. 1903ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಕಚೇರಿ ತೆರೆದರು. ಅಲ್ಲಿ ಅವರ ವಕೀಲಿ ಚೆನ್ನಾಗಿ ನಡೆಯಿತು. ಕಕ್ಷಿದಾರರಿಗೆ ಅವರದು ಒಂದು ನಿಯಮವಿತ್ತು. ಸುಳ್ಳು ಕೇಸು ತರಬಾರದು, ಸಾಕ್ಷಿಗಳಿಗೆ ಹೇಳಿಕೊಡಬೇಕೆಂದು ಕೇಳಬಾರದು. ಇದನ್ನು ಅವರು ಆರಂಭದಲ್ಲೇ ಹೇಳಿಬಿಡುತ್ತಿದ್ದರು. ಒಮ್ಮೆ ಮ್ಯಾಜಿಸ್ಟ್ರೇಟರ ಎದುರು ಕೇಸು ನಡೆಯುತ್ತಿರುವಾಗ ತಮ್ಮ ಕಕ್ಷಿದಾರ ತಮಗೇ ಸುಳ್ಳು ಹೇಳಿದ್ದಾನೆಂದು ಗೊತ್ತಾಯಿತು. ಅಲ್ಲಿಯೇ ಎದ್ದು ಕೇಸನ್ನು ವಜಾ ಮಾಡುವಂತೆ ಕೇಳಿದರು. ಎದುರು ವಕೀಲರು ಬೆರಗಾದರು. ಕಕ್ಷಿದಾರ ತನ್ನ ತಪ್ಪು ಒಪ್ಪಿಕೊಂಡ. ಹೀಗೆ ಮಾಡಿದರೆ ಯಾರು ಬರುತ್ತಾರೆ ಎನ್ನಬಹುದು. ಆದದ್ದು ಬೇರೆ. ಜನ ತಮ್ಮ ಸಾಚಾ ಕೇಸುಗಳನ್ನು ಗಾಂಧಿಯವರಿಗೆ ಎತ್ತಿಟ್ಟು, ಅನುಮಾನದ ಕೇಸುಗಳನ್ನು ಬೇರೆ ಕಡೆ ಒಯ್ಯತೊಡಗಿದರು. ಅವರು ಎದ್ದು ನಿಂತರೆ ಅದರಲ್ಲಿ ಹುರುಳಿದೆ ಎಂದು ನ್ಯಾಯಾಧೀಶರಿಗೂ ಗೊತ್ತಾಯಿತು.

ಇನ್ನೊಂದು ಕೇಸಿನಲ್ಲಿ ಲೆಕ್ಕ ನೋಡಿದ ಮಧ್ಯಸ್ಥರು ಗಾಂಧಿಯವರ ಕಕ್ಷಿದಾರನ ಪರ ತೀರ್ಪು ಕೊಟ್ಟಿದ್ದರು. ಆದರೆ ಖರ್ಚಿನ ಕಡೆ ಬರೆಯಬೇಕಾದ ಒಂದು ಮೊತ್ತ ಕೈತಪ್ಪಿ ಜಮೆಯ ಕಡೆ ಸೇರಿತ್ತು. ಎದುರು ಪಕ್ಷದವರು ಅದನ್ನು ಗಮನಿಸಿರಲಿಲ್ಲ. ಬಾಯಿ ಬಿಟ್ಟರೆ ಇಡೀ ತೀರ್ಪೇ ರದ್ದಾದೀತು ಎಂದು ಹಿರಿಯ ವಕೀಲರು ಎಚ್ಚರಿಸಿದರು. ಗಾಂಧಿಯವರು ತಪ್ಪನ್ನು ಒಪ್ಪಿಕೊಳ್ಳಲೇಬೇಕು ಎಂದರು. ತೀರ್ಮಾನ ಕಕ್ಷಿದಾರನದು. ಅವನು ಯೋಚಿಸಿ, ತಪ್ಪನ್ನು ಒಪ್ಪಿಕೊಂಡು ಗಾಂಧಿಯವರೇ ವಾದಿಸಲಿ, ಆದದ್ದಾಗಲಿ ಎಂದು ಒಪ್ಪಿದ. ನ್ಯಾಯಾಧೀಶರು ಮೊದಲು ಸಂಶಯಪಟ್ಟರೂ, ವಿವರ ಕೇಳಿದ ಮೇಲೆ ಆ ಒಂದು ಅಂಕಿಯನ್ನು ಮಾತ್ರ ಸರಿಪಡಿಸಿ ತೀರ್ಪನ್ನು ಎತ್ತಿಹಿಡಿದರು. ಇಲ್ಲಿ ನಾನು ಮೆಚ್ಚುವುದು ವಕೀಲರನ್ನಷ್ಟೇ ಅಲ್ಲ, ಗೆದ್ದ ಕೇಸನ್ನು ಸತ್ಯಕ್ಕಾಗಿ ಪಣಕ್ಕಿಟ್ಟ ಆ ಹೆಸರಿಲ್ಲದ ಕಕ್ಷಿದಾರನನ್ನೂ.

ಜೋಹಾನ್ಸ್‌ಬರ್ಗಿನಲ್ಲಿ ಭಾರತೀಯರು ವಾಸಿಸುತ್ತಿದ್ದ ಕೇರಿಯೊಂದಿತ್ತು. ಅಲ್ಲಿನ ನಿವೇಶನಗಳಿಗೆ 99 ವರ್ಷದ ಗುತ್ತಿಗೆ ಇತ್ತು. ನಗರಸಭೆ ಆ ಜಾಗವನ್ನು ವಶಪಡಿಸಿಕೊಳ್ಳಲು ಹೊರಟಾಗ ಪರಿಹಾರಕ್ಕಾಗಿ ವಿಶೇಷ ನ್ಯಾಯಮಂಡಳಿಯ ಮುಂದೆ ಹೋಗಬೇಕಾಯಿತು. ಭೂಸ್ವಾಧೀನದ ಪರಿಹಾರಕ್ಕೆ ಕಚೇರಿ ಸುತ್ತಿದ ನಮ್ಮ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಹುಪಾಲು ಜನ ಗಾಂಧಿಯವರನ್ನೇ ವಕೀಲರಾಗಿ ಇಟ್ಟುಕೊಂಡರು. ಫೀಸಿನ ಮಾತನ್ನು ಅವರು ಮೊದಲೇ ಬಿಡಿಸಿ ಹೇಳಿದರು. ನ್ಯಾಯಮಂಡಳಿ ಖರ್ಚೆಂದು ಕೊಡಿಸಿದ್ದು ಅವರಿಗೆ, ಅದರ ಮೇಲೆ ಸೋಲಲಿ ಗೆಲ್ಲಲಿ ಪ್ರತಿ ಗುತ್ತಿಗೆಗೆ 10 ಪೌಂಡು. ಆ ಹಣದಲ್ಲೂ ಅರ್ಧವನ್ನು ಬಡವರ ಆಸ್ಪತ್ರೆಯಂಥ ಕೆಲಸಕ್ಕೆ ತೆಗೆದಿಡುವ ಯೋಚನೆ ತಮ್ಮದೆಂದೂ ತಿಳಿಸಿದರು. ಸುಮಾರು 70 ಕೇಸುಗಳಲ್ಲಿ ಸೋತದ್ದು ಒಂದೇ. ಆ ಕಕ್ಷಿದಾರರಲ್ಲಿ ಹೆಚ್ಚಿನವರು ಗಿರಮಿಟು ಮುಗಿಸಿ ನೆಲೆನಿಂತ ಬಡವರು. ಅವರು ಗಾಂಧಿಯವರನ್ನು ಸಾಹೇಬ್ ಎಂದು ಕರೆಯಲಿಲ್ಲ, ಭಾಯಿ ಎಂದು ಕರೆದರು. ಈ ಹೆಸರನ್ನು ಮೊದಲು ಇಟ್ಟವರು ದಾದಾ ಅಬ್ದುಲ್ಲಾ.

1904ರಲ್ಲಿ ಆ ಕೇರಿಗೆ ಪ್ಲೇಗು ಬಿತ್ತು. ಜನರನ್ನೆಲ್ಲ ಊರ ಹೊರಗೆ ಡೇರೆಗಳಿಗೆ ಸಾಗಿಸಿ, ಕೇರಿಗೆ ಬೆಂಕಿ ಹಚ್ಚಲು ಸರ್ಕಾರ ತೀರ್ಮಾನಿಸಿತು. ಬ್ಯಾಂಕಿನ ಮುಖ ಕಾಣದ ಆ ಜನ ತಮ್ಮ ಉಳಿತಾಯವನ್ನು ನೆಲದಲ್ಲಿ ಹೂತಿಟ್ಟಿದ್ದರು. ಎಲ್ಲ ಅಗೆದು ತೆಗೆದು ಎಲ್ಲಿಗೆ ಒಯ್ಯಬೇಕು? ಗಾಂಧಿಯವರ ಕಚೇರಿಗೆ ಒಯ್ದರು. ಬೆಳ್ಳಿ, ತಾಮ್ರದ ನಾಣ್ಯಗಳ ರಾಶಿ ಬಿತ್ತು. ಪ್ಲೇಗಿನ ಕೇರಿಯ ಹಣ ಮುಟ್ಟಲು ಬ್ಯಾಂಕಿನವರು ಹೆದರುವ ಸಂಭವವಿತ್ತು. ಗಾಂಧಿಯವರು ಮ್ಯಾನೇಜರರ ಬಳಿ ಮಾತನಾಡಿ, ನಾಣ್ಯಗಳಿಗೆ ಕ್ರಿಮಿನಾಶಕ ಹಾಕಿಸಿ ಬ್ಯಾಂಕಿಗೆ ಕಟ್ಟಿಸಿದರು. ಹಾಗೆ ಜಮೆಯಾದದ್ದು ಹತ್ತಿರ ಹತ್ತಿರ 60,000 ಪೌಂಡು. ಇದಕ್ಕೆ ಅವರು ಫೀಸು ತೆಗೆದುಕೊಳ್ಳಲಿಲ್ಲ. ಓದು ಬರಹ ಬಾರದ ಕೂಲಿಗಳು ಜೀವಮಾನದ ಗಳಿಕೆಯನ್ನು ತಂದು ಸುರಿಯುವಷ್ಟು ನಂಬಿಕೆ ಗಳಿಸಿದ ವಕೀಲರು ಎಷ್ಟು ಜನ ಇದ್ದಾರು?

ಅಂಥ ನಂಬಿಕೆಯನ್ನು ಅವರು ಒಮ್ಮೆ ತಪ್ಪಾಗಿ ಬಳಸಿದ್ದೂ ಉಂಟು. ಪರಿಚಯದ ಮಹಿಳೆಯೊಬ್ಬರು ಸಸ್ಯಾಹಾರದ ಹೋಟೆಲು ನಡೆಸಲು ಸಾಲ ಕೇಳಿದರು. ಗಾಂಧಿಯವರಿಗೆ ಸಸ್ಯಾಹಾರದ ಪ್ರಚಾರ ಪ್ರಿಯವಾದ ವಿಷಯ. ಬದ್ರಿ ಎಂಬ ಕಕ್ಷಿದಾರ ಅವರ ಬಳಿ ಹಣ ಇಟ್ಟಿದ್ದ. ಅವನೂ ಗಿರಮಿಟಿನಲ್ಲಿ ಬಂದವನೇ. ಅವನನ್ನು ಕೇಳಿ, ಆ ಹಣದಿಂದ 1,000 ಪೌಂಡು ಕೊಟ್ಟರು. ತನಗೆ ಗೊತ್ತಿರುವುದು ಭಾಯಿ ಮಾತ್ರ, ಬೇಕಾದರೆ ಕೊಡಬಹುದು ಎಂದಿದ್ದ ಬದ್ರಿ. ಎರಡು ಮೂರು ತಿಂಗಳಲ್ಲೇ ಆ ಹಣ ಬರುವುದಿಲ್ಲವೆಂದು ಗೊತ್ತಾಯಿತು. ಗಾಂಧಿಯವರು ಅಷ್ಟನ್ನೂ ತಮ್ಮ ಕೈಯಿಂದ ತುಂಬಿಕೊಟ್ಟರು. ಇನ್ನೊಬ್ಬ ಕಕ್ಷಿದಾರರು ಈ ವಿಷಯದಲ್ಲಿ ಅವರನ್ನು ಮುಖಕ್ಕೇ ಗದರಿಸಿದರು. ತಮ್ಮ ಆದರ್ಶಕ್ಕಾಗಿ ಕಕ್ಷಿದಾರನ ಹಣ ಕೊಟ್ಟದ್ದು ತಪ್ಪೆಂದು ಗಾಂಧಿಯವರು ಒಪ್ಪಿಕೊಂಡು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಬದ್ರಿ ಮಾತ್ರ ಅವರನ್ನು ಬಿಡಲಿಲ್ಲ. ಮುಂದೆ ಸತ್ಯಾಗ್ರಹದಲ್ಲಿ ಸೇರಿ ಜೈಲಿಗೂ ಹೋದ.

ಪಾರ್ಸಿ ರುಸ್ತುಂಜಿ ಶೇಠರ ಕಥೆಯನ್ನು ಹೇಳದೆ ಇದು ಪೂರ್ಣವಾಗದು. ಡರ್ಬನ್ನಿನ ದೊಡ್ಡ ವ್ಯಾಪಾರಿ, ಗಾಂಧಿಯವರ ಆಪ್ತ, ಕಕ್ಷಿದಾರ, ಧಾರಾಳವಾಗಿ ದಾನ ಮಾಡುವವರು. ಆದರೆ ಮುಂಬಯಿ, ಕಲ್ಕತ್ತದಿಂದ ತರಿಸುವ ಸರಕಿಗೆ ಸುಂಕ ತಪ್ಪಿಸುತ್ತಿದ್ದರು. ಈ ಒಂದು ಸಂಗತಿಯನ್ನು ಮಾತ್ರ ಗೆಳೆಯನಿಂದ ಮುಚ್ಚಿಟ್ಟಿದ್ದರು. ಸಿಕ್ಕಿಬಿದ್ದಾಗ ಕಣ್ಣೀರಿಡುತ್ತ ಓಡಿಬಂದರು. ಗಾಂಧಿಯವರು ಸಮಾಧಾನ ಹೇಳಿದರು, ಆದರೆ ತಪ್ಪನ್ನು ಮುಚ್ಚಲು ಒಪ್ಪಲಿಲ್ಲ. ಜೈಲಿಗೆ ಹೋಗುವುದರಲ್ಲಿ ನಾಚಿಕೆ ಇಲ್ಲ, ನಾಚಿಕೆ ಇರುವುದು ಕಳ್ಳತನದಲ್ಲಿ ಎಂಬುದು ಅವರ ನಿಲುವು. ಸುಂಕದ ಅಧಿಕಾರಿಯನ್ನೂ ಅಟಾರ್ನಿ ಜನರಲರನ್ನೂ ಕಂಡು, ಶೇಠರ ಲೆಕ್ಕದ ಪುಸ್ತಕಗಳನ್ನೆಲ್ಲ ಮುಂದಿಡಲು ಸಿದ್ಧರೆಂದು ತಿಳಿಸಿದರು. ತಪ್ಪಿಸಿದೆನೆಂದು ಶೇಠರು ಒಪ್ಪಿಕೊಂಡ ಮೊತ್ತದ ಎರಡರಷ್ಟನ್ನು ದಂಡವಾಗಿ ಕಟ್ಟಿಸಿಕೊಂಡು ಕೇಸನ್ನು ಮುಗಿಸಲಾಯಿತು. ರುಸ್ತುಂಜಿ ಇಡೀ ಸಂಗತಿಯನ್ನು ಬರೆಸಿ, ಕಟ್ಟು ಹಾಕಿಸಿ, ತಮ್ಮ ಕಚೇರಿಯ ಗೋಡೆಗೆ ತೂಗುಹಾಕಿದರು. ತಮ್ಮ ಮಕ್ಕಳೂ ಇತರ ವ್ಯಾಪಾರಿಗಳೂ ಓದಿ ಎಚ್ಚರವಾಗಿರಲಿ ಎಂದು.

ವಕೀಲಿಯಿಂದ ಬಂದ ಉಳಿತಾಯವನ್ನೆಲ್ಲ ಗಾಂಧಿಯವರು ಇಂಡಿಯನ್ ಒಪೀನಿಯನ್ ಪತ್ರಿಕೆಗೂ ಸಾರ್ವಜನಿಕ ಕೆಲಸಕ್ಕೂ ಸುರಿದರು. 1908ರ ಜನವರಿಯಲ್ಲಿ, ತಾವು ಎಷ್ಟೋ ಸಲ ವಕೀಲರಾಗಿ ನಿಂತಿದ್ದ ಜೋಹಾನ್ಸ್‌ಬರ್ಗಿನ ಕೋರ್ಟಿನಲ್ಲೇ ಆರೋಪಿಯಾಗಿ ನಿಂತು ಎರಡು ತಿಂಗಳ ಶಿಕ್ಷೆ ಪಡೆದರು. ಸತ್ಯಾಗ್ರಹದ ಆ ವರ್ಷಗಳಲ್ಲಿ ವಕೀಲಿ ತಾನಾಗಿ ಕೈಬಿಟ್ಟಿತು. 1909ರ ಹಿಂದ್ ಸ್ವರಾಜ್‌ನಲ್ಲಿ ಜಗಳ ಬೆಳೆಸುವ ವಕೀಲರನ್ನು ಕಟುವಾಗಿ ಟೀಕಿಸಿದರು. ಒಳಗಿನವರಾಗಿಯೇ ಆಡಿದ ಮಾತು ಅದು. 1922ರಲ್ಲಿ ಅಹಮದಾಬಾದಿನ ವಿಚಾರಣೆಯಲ್ಲಿ ತಮ್ಮ ಕಸುಬು ಬೇಸಾಯ ಮತ್ತು ನೇಯ್ಗೆ ಎಂದು ಹೇಳಿಕೊಂಡು ಆರು ವರ್ಷದ ಶಿಕ್ಷೆ ಪಡೆದರು. ಅದೇ ವರ್ಷ ಲಂಡನ್ನಿನ ಇನ್ನರ್ ಟೆಂಪಲ್ ಬ್ಯಾರಿಸ್ಟರುಗಳ ಪಟ್ಟಿಯಿಂದ ಅವರ ಹೆಸರನ್ನು ತೆಗೆದುಹಾಕಿತು. ಮತ್ತೆ ಸೇರಿಸಿದ್ದು 1988ರಲ್ಲಿ, ಅವರು ತೀರಿಕೊಂಡು 40 ವರ್ಷವಾದ ಮೇಲೆ.

ನಮ್ಮ ಮನೆಯ ವ್ಯಾಜ್ಯ ಮುಗಿದದ್ದು ಹೀಗೆ. ಹೊಸದಾಗಿ ಬಂದ ವಕೀಲರೊಬ್ಬರು ಕಾಗದಗಳನ್ನೆಲ್ಲ ಎರಡು ದಿನ ಕೂತು ಓದಿ, ಬದುವಿನಲ್ಲಿ ಅರ್ಧ ಭಾಗ ನ್ಯಾಯವಾಗಿ ದೊಡ್ಡಪ್ಪನದೇ ಎಂದು ನಮ್ಮ ತಂದೆಗೆ ನೇರವಾಗಿ ಹೇಳಿದರು. ಅಂದು ರಾತ್ರಿ ತಂದೆ ಸಿಟ್ಟಿನಿಂದ ಊಟ ಮಾಡಲಿಲ್ಲ. ಆದರೆ ತಿಂಗಳೊಳಗೆ ರಾಜಿ ಆಯಿತು. ಆ ಹೊತ್ತಿಗೆ ಬದುವಿನ ಬೆಲೆಗಿಂತ ಹೆಚ್ಚು ಖರ್ಚಾಗಿತ್ತು. ಕೊನೆಯವರೆಗೂ ನಮ್ಮ ತಂದೆ ಗೌರವದಿಂದ ನೆನೆಯುತ್ತಿದ್ದುದು, ಗೆಲ್ಲಿಸುತ್ತೇನೆಂದು ವರ್ಷಗಟ್ಟಲೆ ಭರವಸೆ ಕೊಟ್ಟವರನ್ನಲ್ಲ, ಈ ವಕೀಲರನ್ನು.

ಈ ಶಾಲೆಯಲ್ಲಿ ಓದಿದ ಹಲವರು ಇಂದು ಕರಿ ಕೋಟು ತೊಟ್ಟಿದ್ದಾರೆ. ನನಗೆ ಹೆಮ್ಮೆ. ಕಕ್ಷಿದಾರ ತಂದ ಕಾಗದವನ್ನು ಪೂರ್ತಿ ಓದಿ, ಫೀಸನ್ನು ಮೊದಲೇ ಬಿಡಿಸಿ ಹೇಳಿ, ಅವನ ಕೇಸಿನ ನಿಜ ಸ್ಥಿತಿಯನ್ನು ಅವನಿಗೆ ತಿಳಿಸಿ ಎಂಬುದಷ್ಟೇ ಅವರಲ್ಲಿ ನನ್ನ ಕೋರಿಕೆ. ಊರಿನ ಬಂಧುಗಳಲ್ಲಿ ಕೋರಿಕೆ ಇನ್ನೂ ಚಿಕ್ಕದು. ವಕೀಲರ ಮುಂದೆ ಏನನ್ನೂ ಮುಚ್ಚಿಡಬೇಡಿ, ಅವರು ಕಹಿ ಮಾತು ಹೇಳಿದ ದಿನ ಎದ್ದು ಬೇರೆ ಕಚೇರಿಗೆ ಹೋಗಬೇಡಿ. ಮುಂದಿನ ಅಕ್ಟೋಬರ್ 2 ರಂದು ಶಾಲೆಯ ಪಟಕ್ಕೆ ಹಾರ ಹಾಕುವಾಗ, ಮಕ್ಕಳಿಗೆ ಬಾಲಸುಂದರಂನ ರುಮಾಲಿನ ಕಥೆಯನ್ನೂ ರುಸ್ತುಂಜಿಯ ಗೋಡೆಯ ಕಟ್ಟಿನ ಕಥೆಯನ್ನೂ ಯಾರಾದರೂ ಹೇಳಿದರೆ, ನಾನು ಬಿಟ್ಟ ಪಾಠ ಮುಗಿದಂತಾಗುತ್ತದೆ.